ಎರಡು ಇಂಚಿನ ಜೀಪು

ನಮ್ಮ ಊರಿನಲ್ಲಿ ಜೀಪಿನ ಎತ್ತರ ನೋಡಿ ಮನುಷ್ಯನ ಎತ್ತರ ಅಳೆಯುತ್ತಾರೆ. ಯೂಟಾದ ಈ ಕೆಂಪು ಬಂಡೆಗಳ ನಡುವೆಯೇ ಹುಟ್ಟಿ ಬೆಳೆದವಳು ನಾನು, ಆದ್ದರಿಂದ ಹೇಳುವ ಹಕ್ಕಿದೆ. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮರುಗಳಿಗೆ ಗಂಡಸರು ಹೊರಗೆ ಬಂದು ಆಡುವ ಮಾತು ದೇವರದ್ದಲ್ಲ. ಯಾರು ಸ್ಪ್ರಿಂಗ್ ಬದಲಾಯಿಸಿದರು, ಯಾರು ಗಾಡಿಯನ್ನು ಎಷ್ಟು ಇಂಚು ಎತ್ತಿಸಿದರು, ಅಷ್ಟೇ. ಎತ್ತಿಸಿದ ಗಾಡಿಯನ್ನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಮನೆ ಮುಂದೆ ನಿಲ್ಲಿಸಿ ತೊಳೆಯುತ್ತಾರೆ. ಖಾಲಿ ಗಾಡಿಯ ಎತ್ತರ ನೋಡಿ ಬೀಗುವುದು ನಮ್ಮವರ ಹಳೆಯ ರೋಗ.

ನನ್ನ ಹೆಸರು ವರ್ಲೀನ್ ಜೂಕ್ಸ್. ವಯಸ್ಸು ಅರವತ್ತೆರಡು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ್ದೇನೆ. ಅದರ ಜೊತೆಗೆ ಹತ್ತೊಂಬತ್ತು ವರ್ಷ ಇಲ್ಲಿನ ರಕ್ಷಣಾ ತಂಡದಲ್ಲಿ ಚಾಲಕಿ. ಕಣಿವೆಯಲ್ಲಿ ಕಾಲು ಮುರಿದುಕೊಂಡವರನ್ನು, ಬಿಸಿಲಿಗೆ ಬಿದ್ದವರನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಹೊತ್ತು ತರುವ ಕೆಲಸ. ಸಂಬಳ ಸೊನ್ನೆ, ಗಾಡಿ ನಮ್ಮದೇ.

ಪ್ರತಿ ವರ್ಷ ಏಪ್ರಿಲಿನಲ್ಲಿ ಚಾಲಕರಿಗೆ ಪರೀಕ್ಷೆ. ನೀರು, ಹಗ್ಗ, ಔಷಧದ ಪೆಟ್ಟಿಗೆ, ಹಿಂದೆ ಸ್ಟ್ರೆಚರಿನಲ್ಲಿ ಒಬ್ಬ ಮನುಷ್ಯ, ಇಷ್ಟೂ ಭಾರ ಹೇರಿಕೊಂಡು ಮೂರು ಬಂಡೆ ಮೆಟ್ಟಿಲುಗಳನ್ನು ಯಾರ ಸಹಾಯವೂ ಇಲ್ಲದೆ ಹತ್ತಬೇಕು. ಹೋದ ವರ್ಷ ಮೂರನೆಯ ಮೆಟ್ಟಿಲಿನ ಮೇಲೆ ನನ್ನ ಹಳೆಯ ಜೀಪಿನ ಹೊಟ್ಟೆ ಕೂತುಬಿಟ್ಟಿತು. ನಾಲ್ಕು ಚಕ್ರವೂ ಗಾಳಿಯಲ್ಲಿ ಸುತ್ತಿದ್ದೇ ಸುತ್ತಿದ್ದು. ಕೊನೆಗೆ ಹಗ್ಗ ಕಟ್ಟಿ ಎಳೆದರು. ತಂಡದ ನಾಯಕ ಥೇನ್ ನನ್ನನ್ನು ರೇಡಿಯೋ ಮುಂದೆ ಕೂರಿಸಿದ. ಒಂದು ವರ್ಷ ಕೂತೆ. ಕಣಿವೆಯಲ್ಲಿ ಯಾರೋ ನರಳುವುದು ರೇಡಿಯೋದಲ್ಲಿ ಕೇಳುತ್ತದೆ, ಎದ್ದು ಹೋಗುವ ಹಾಗಿಲ್ಲ. ಅಂಥ ಸಂಕಟ ನನ್ನ ಶತ್ರುವಿಗೂ ಬೇಡ. ಈ ಏಪ್ರಿಲಿನಲ್ಲೂ ಸೋತರೆ ಚಾಲಕರ ಪಟ್ಟಿಯಿಂದ ನನ್ನ ಹೆಸರು ಶಾಶ್ವತವಾಗಿ ಹೋಗುತ್ತಿತ್ತು.

"ಸಿಸ್ಟರ್ ಜೂಕ್ಸ್, ನಾಲ್ಕು ಇಂಚಿಗಿಂತ ಕಮ್ಮಿ ಎತ್ತಿಸಿದ್ರೆ ದಯವಿಟ್ಟು ಬರ್ಲೇಬೇಡಿ," ಎಂದ ಥೇನ್, ಮಾರ್ಚಿನಲ್ಲಿ ಒಂದು ದಿನ, ಚರ್ಚಿನ ಅಂಗಳದಲ್ಲಿ. ನಮ್ಮ ಚರ್ಚಿನಲ್ಲಿ ದೊಡ್ಡವರನ್ನು ಸಿಸ್ಟರ್, ಬ್ರದರ್ ಎಂದೇ ಕರೆಯುವುದು. "ಮೂರನೇ ಮೆಟ್ಲು ನಿಮ್ಮನ್ನ ಬಿಡಲ್ಲ."

"ಒಂದನೇ ಕ್ಲಾಸಲ್ಲಿ ನನ್ನ ಬಸ್ಸಿನ ಮೆಟ್ಲು ಹತ್ತಕ್ಕೇ ಅಳ್ತಿದ್ದೆ ಕಣೋ ನೀನು. ಈಗ ನನಗೆ ಮೆಟ್ಲು ಪಾಠ ಮಾಡ್ತೀಯಾ?"

ಅವನ ಕಿವಿ ಕೆಂಪಾಯಿತು. ಒಳ್ಳೆಯ ಹುಡುಗನೇ. ಆದರೆ ಅವನ ತಲೆಯಲ್ಲಿರುವುದು ಬರೀ ಇಂಚುಪಟ್ಟಿ.

ನನ್ನ ಕೈಲಿದ್ದದ್ದು ತೆರಿಗೆಯವರು ವಾಪಸು ಕೊಟ್ಟ ಒಂಬೈನೂರು ಡಾಲರು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತೆ. ಎದುರಿಗೆ ನನ್ನ ಗಂಡ ರೂಲನ್, ಕಲ್ಲಿದ್ದಲು ಗಣಿಯಿಂದ ನಿವೃತ್ತನಾದವನು. ಯಾರದೋ ಸಾವಿನ ಮನೆಗೆ ಕೊಂಡೊಯ್ಯಲೆಂದು ನಾನು ಮಾಡಿಟ್ಟಿದ್ದ ಚೀಸ್ ಆಲೂಗಡ್ಡೆಯನ್ನು ಚಮಚದಲ್ಲಿ ಕೆರೆದು ಕೆರೆದು ತಿನ್ನುತ್ತಿದ್ದ.

"ನಾಲ್ಕು ಇಂಚು ಎತ್ತಿಸೋ ಪೂರ್ತಿ ಕಿಟ್ಟು ಒಂಬೈನೂರಕ್ಕೇ ಸಿಗುತ್ತಲ್ಲೇ. ತಗೊಂಡು ಹಾಕ್ಬಿಡು," ಎಂದ.

"ಪೆಟ್ಟಿಗೆ ಒಂಬೈನೂರು. ಆಮೇಲೆ? ಅಷ್ಟೆತ್ತರ ಎತ್ತಿಸಿದ್ರೆ ಬ್ರೇಕ್ ಪೈಪು ಉದ್ದ ಸಾಲಲ್ಲ. ಚಕ್ರಕ್ಕೆ ಹೋಗೋ ಶಾಫ್ಟು ಓರೆ ಆಗಿ ಗಡಗಡ ಅನ್ನುತ್ತೆ, ಅದಕ್ಕೊಂದು ರಿಪೇರಿ. ಮೂಗಿಗಿಂತ ಮೂಗುತಿ ಭಾರ ಆಗೋದು ಹೀಗೇ."

"ಹಾಗಿದ್ರೆ ಸ್ಪ್ರಿಂಗ್ ಕೆಳಗೆ ಬಿಲ್ಲೆ ಇಟ್ಟು ಎತ್ತು. ನೂರಿಪ್ಪತ್ತು ಡಾಲರಲ್ಲಿ ಮುಗೀತು."

"ಕುರ್ಚಿ ಕಾಲಿಗೆ ಇಟ್ಟಿಗೆ ಇಟ್ರೆ ಕುರ್ಚಿ ಎತ್ತರ ಆಗುತ್ತೆ, ಮೆತ್ತಗಾಗುತ್ತಾ? ಆರ್ಲಿನ್ ಬೆನ್ನು ಏನಾಗ್ಬೇಕು?"

ಆರ್ಲಿನ್ ಬೆನ್ನೇ ಈ ಪರೀಕ್ಷೆಯ ಇನ್ನೊಂದು ಅರ್ಧ. ಎಪ್ಪತ್ತನಾಲ್ಕು ವರ್ಷದ ದನಗಾಹಿ ಮುದುಕ ಅವನು. ಹದಿನಾಲ್ಕು ವರ್ಷದ ಹಿಂದೆ ಕುದುರೆ ಅವನ ಮೇಲೆ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಗ ತಂಡದ ಒಂದು ಎತ್ತರದ, ಬಿರುಸು ಸ್ಪ್ರಿಂಗಿನ ಜೀಪು ಅವನನ್ನು ನಾಲ್ಕು ಗಂಟೆ ಬಂಡೆಗಳ ಮೇಲೆ ಕುಕ್ಕಿ ಕುಕ್ಕಿ ತಂದಿತ್ತು. ಕುದುರೆಯನ್ನು ಕ್ಷಮಿಸಿದ್ದೇನೆ, ಆ ಜೀಪನ್ನು ಕ್ಷಮಿಸಿಲ್ಲ ಎಂದು ಈಗಲೂ ಹೇಳುತ್ತಾನೆ. ಅಂದಿನಿಂದ ಪರೀಕ್ಷೆಯ ದಿನ ಸ್ಟ್ರೆಚರಿನಲ್ಲಿ ಮಲಗುವವನು ಅವನೇ. ಪ್ರತಿ ಗಾಡಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾನೆ. ಐದಕ್ಕಿಂತ ಕಡಿಮೆ ಬಂದರೆ ಮೆಟ್ಟಿಲು ಹತ್ತಿದ್ದೂ ವ್ಯರ್ಥ. ಎಲ್ಲರಿಗೂ ಇದು ಗೊತ್ತು, ಆದರೂ ಎಲ್ಲರೂ ಎತ್ತರಕ್ಕೇ ದುಡ್ಡು ಸುರಿಯುತ್ತಾರೆ. ಎತ್ತರ ರಸ್ತೆಗೆ ಕಾಣುತ್ತದೆ, ಮೆತ್ತಗಿರುವುದು ಕಾಣುವುದಿಲ್ಲವಲ್ಲ.

ನಾನು ಲೆಕ್ಕ ಹಾಕಿದ್ದು ಬೇರೆ ರೀತಿ. ಗಾಡಿ ಖಾಲಿ ನಿಂತಾಗ ಎಷ್ಟು ಎತ್ತರ ಎಂಬುದಲ್ಲ, ಭಾರ ಹೇರಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದು. ಮುಂದಕ್ಕೆ ಹಳೆಯದಕ್ಕಿಂತ ಎರಡು ಇಂಚು ಎತ್ತರಿಸುವ ಹೊಸ ಸ್ಪ್ರಿಂಗ್ ಕೊಂಡೆ. ಹಿಂದಕ್ಕೆ ಗುಜರಿಗೆ ಹೋದೆ. ಅಲ್ಲೊಂದು ಸಣ್ಣ ಸಾಮಾನು ಗಾಡಿ ಅಂಗಾತ ಬಿದ್ದಿತ್ತು. ಸ್ಪ್ರಿಂಗಿನ ಕೆಲಸ ಮಾಡುವ ಅದರ ಬಾಗಿದ ಉಕ್ಕಿನ ಕಮಾನುಪಟ್ಟಿಗಳನ್ನು ಅರವತ್ತು ಡಾಲರಿಗೆ ಬಿಚ್ಚಿಕೊಂಡು ಬಂದು, ಭಾರಕ್ಕೆ ಹಿಂಭಾಗ ಕುಸಿಯದಿರಲೆಂದು ಅವುಗಳಲ್ಲಿ ಉದ್ದನೆಯವನ್ನು ನನ್ನ ಜೀಪಿನ ಹಳೆಯ ಪಟ್ಟಿಗಳ ನಡುವೆ ಸೇರಿಸಿದೆ. ಅದೇ ಗುಜರಿಯಲ್ಲಿ ಹೊಟ್ಟೆ ಬಂಡೆಗೆ ತಾಗಿದರೂ ಜಾರುವಂತೆ ಕೆಳಗೆ ಕಟ್ಟುವ ದಪ್ಪ ಉಕ್ಕಿನ ಹಲಗೆಯೂ ಸಿಕ್ಕಿತು. ಉಳಿದ ದುಡ್ಡನ್ನೆಲ್ಲ ನಾಲ್ಕು ಒಳ್ಳೆಯ ಶಾಕಾಬ್ಸರ್‌ಗಳಿಗೆ ಸುರಿದೆ. ಕುಕ್ಕುವುದನ್ನು ನುಂಗುವುದು ಅವೇ. ಅಲ್ಲಿ ಜಿಪುಣತನ ಮಾಡಿದವರು ಆರ್ಲಿನ್ ಕೈಯಲ್ಲಿ ಮೂರು ಅಂಕ ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಎರಡು ದಿನ ಮನೆ ಮುಂದೆ ಜೀಪನ್ನು ಚಕ್ರ ನೆಲಕ್ಕೆ ತಾಗದಂತೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ ಕೆಲಸ ಮಾಡಿದೆ. ಎರಡನೆಯ ದಿನ ಮಧ್ಯಾಹ್ನ ಥೇನ್ ಬಂದು ಬೇಲಿಗೆ ಒರಗಿ ನಿಂತ. ಕೈಯಲ್ಲಿ ಟೇಪು.

"ಎರಡೇ ಇಂಚಂತೆ? ಹೌದಾ?"

ನನಗೆ ರೇಗಿತು. "ಹತ್ತು ನಿಮಿಷ ಇರು. ಇಳಿಸ್ತೀನಿ, ಅಳ್ಕೊಂಡು ಹೋಗು," ಎಂದು ಉಳಿದ ಬೋಲ್ಟುಗಳನ್ನು ಸರಸರ ಬಿಗಿದು ಜೀಪನ್ನು ನೆಲಕ್ಕೆ ಇಳಿಸಿದೆ. ಅಳೆದ. ಮೊದಲಿಗಿಂತ ಮೂರೂಕಾಲು ಇಂಚು ಎತ್ತರ! ಥೇನ್ ಎರಡು ಸಲ ಅಳೆದ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವನು ಹೋದ ಮೇಲೆ ಒಂದು ಹಾಡೂ ಗುನುಗಿದೆ.

ಸಂಜೆ ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿ, ರೂಲನ್‌ನನ್ನು ಮಲಗಿಸಿಕೊಂಡು ಕಲ್ಲುದಾರಿಯಲ್ಲಿ ಒಂದು ಸುತ್ತು ಹೋದೆ.

"ನಿಲ್ಸೇ! ನನ್ನ ಹಲ್ಲು ಸೆಟ್ಟು ಈಚೆ ಬಂತು!"

"ಹೊಸ ಸ್ಪ್ರಿಂಗು, ಪಳಗಬೇಕು."

"ಅದು ಪಳಗೋ ಹೊತ್ತಿಗೆ ನಾನು ಮಣ್ಣಾಗಿರ್ತೀನಿ. ಗಣಿ ಕುಸಿದಾಗ ಬಿದ್ನಲ್ಲ, ಅವತ್ತೇ ಇದಕ್ಕಿಂತ ಸುಖವಾಗಿತ್ತು."

"ಕುಯ್ಯೋಮರ್ರೋ ಅನ್ನೋದು ನಿನ್ನ ಹುಟ್ಟುಗುಣ, ಸುಮ್ನೆ ಮಲಕ್ಕೋ ಮಾರಾಯ," ಎಂದು ಗದರಿದೆ. ಆದರೆ ಸ್ಟೀರಿಂಗ್ ಹಿಡಿದ ನನ್ನ ಕೈಗೂ ಅದು ಗೊತ್ತಾಗುತ್ತಿತ್ತು. ಗಾಡಿ ಹಲಗೆಯಂತೆ ಬಿರುಸಾಗಿತ್ತು. ಇಷ್ಟು ಒಳ್ಳೆಯ ಶಾಕಾಬ್ಸರ್ ಹಾಕಿಯೂ ಹೀಗೇಕೆ?

ಬೆಳಿಗ್ಗೆ ಟಾರ್ಚು ಹಿಡಿದು ಜೀಪಿನ ಕೆಳಗೆ ತೂರಿದೆ. ಕಮಾನುಪಟ್ಟಿಯ ತುದಿಯ ಬೋಲ್ಟಿನ ಸುತ್ತ ರಬ್ಬರಿನ ಬುಷ್ ಇರುತ್ತದೆ. ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ನೋಡಿದ ಕೂಡಲೇ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಆ ಬೋಲ್ಟುಗಳನ್ನು ಬಿಗಿಯಬೇಕಾದ್ದು ಗಾಡಿ ನೆಲದ ಮೇಲೆ ತನ್ನ ಭಾರ ತಾನು ಹೊತ್ತು ನಿಂತಾಗ. ನಾನು ಥೇನ್ ಎದುರು ಜಂಬ ಮಾಡುವ ಅವಸರದಲ್ಲಿ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದಾಗಲೇ ಬಿಗಿದುಬಿಟ್ಟಿದ್ದೆ. ಬುಷ್‌ಗಳು ಆ ಜೋತಾಡುವ ಭಂಗಿಯಲ್ಲೇ ಕಚ್ಚಿಕೊಂಡಿದ್ದವು. ಗಾಡಿ ನಿಂತಿದ್ದು ಸ್ಪ್ರಿಂಗಿನ ಮೇಲಲ್ಲ, ರಬ್ಬರಿನ ಹಟದ ಮೇಲೆ. ಹೊಸ ಕಲಿಯುವವರು ಮಾಡುವ ತಪ್ಪು ಇದು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಆತುರಗಾರ್ತಿಗೂ ಅನ್ವಯಿಸುತ್ತದೆ.

ಬೋಲ್ಟುಗಳನ್ನು ಸಡಿಲಿಸಿದೆ. ಜೀಪು ಉಸ್ಸೆಂದು ಕೂತಿತು. ಅಳೆದೆ. ಸರಿಯಾಗಿ ಎರಡು ಇಂಚು. ನೆಲದ ಮೇಲೆ ನಿಂತಂತೆಯೇ ಮತ್ತೆ ಬಿಗಿದೆ. ಒಳಗೆ ಹೋಗಿ ರೂಲನ್‌ಗೆ ಹೇಳಿದೆ. ಅವನು ಕೆಮ್ಮು ಬರುವಷ್ಟು ನಕ್ಕ. ಆಮೇಲೆ ನಗು ನಿಲ್ಲಿಸಿ, ಮೆಲ್ಲಗೆ, "ಮೂರನೇ ಮೆಟ್ಲಿಗೆ ಎರಡು ಇಂಚು ಸಾಲುತ್ತೇನೇ?" ಎಂದ.

"ಗೊತ್ತಿಲ್ಲ."

"ಥೇನ್ ಮೂರೂಕಾಲು ಅಂತ ಊರಿಗೆಲ್ಲ ಹೇಳಿದಾನೆ. ಒಂದೂಕಾಲು ಇಂಚಿನ ಬಿಲ್ಲೆ ಇಟ್ಬಿಡು. ಯಾರಿಗೂ ಗೊತ್ತಾಗಲ್ಲ."

"ಸ್ಟ್ರೆಚರಲ್ಲಿ ಮಲಗಿದವನಿಗೆ ಗೊತ್ತಾಗುತ್ತೆ."

ಅವನು ಎದ್ದು ಹೊರಗೆ ಹೋದ. ಜೀಪಿನ ಹಿಂಬಾಗಿಲು ತೆಗೆದು ತಾನೇ ಹತ್ತಿ ಹಾಸಿಗೆಯ ಮೇಲೆ ಮಲಗಿಕೊಂಡ. ಅದೇ ಕಲ್ಲುದಾರಿಯಲ್ಲಿ ಅದೇ ಸುತ್ತು ಹೊಡೆಸಿ ತಂದೆ. ಈ ಸಲ ದಾರಿಯುದ್ದಕ್ಕೂ ಅವನು ಆಡಿದ್ದು ಮಳೆ ಯಾವಾಗ ಬರಬಹುದು ಎಂಬ ಮಾತು ಮಾತ್ರ.

ಪರೀಕ್ಷೆಯ ಶನಿವಾರ ಆರು ಗಾಡಿಗಳು ಬಂದಿದ್ದವು. ಬಿಸಿಲು ಆಗಲೇ ಏರಿತ್ತು. ಮೊದಲು ಥೇನ್. ನಾಲ್ಕೂವರೆ ಇಂಚು ಎತ್ತಿಸಿದ ಅವನ ಜೀಪು ಮೂರು ಮೆಟ್ಟಿಲನ್ನೂ ಮೇಕೆಯಂತೆ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ಹಿಂಬಾಗಿಲು ತೆಗೆದಾಗ ಆರ್ಲಿನ್ ಮುಖ ಸುಣ್ಣದ ಹಾಗಿತ್ತು.

"ಗಾಡಿಯೇನೋ ಮೇಲೆ ಬಂತಪ್ಪಾ. ನನ್ನ ಸೊಂಟ ಎರಡನೇ ಮೆಟ್ಲಲ್ಲೇ ಇದೆ, ಯಾರಾದ್ರೂ ಎತ್ಕೊಂಡು ಬನ್ನಿ," ಎಂದ. ಐದು ಕೊಟ್ಟ. ನಾಯಕ ಅಂಚಿನಲ್ಲಿ ಪಾಸಾದ.

ನನ್ನ ಸರದಿ ಕೊನೆಗೆ ಬಂತು. ಹೊರಡುವ ಮುಂಚೆ ಥೇನ್ ನನ್ನ ಜೀಪನ್ನು ಒಂದು ಸಲ ದಿಟ್ಟಿಸಿ, "ಇಳಿದಂಗಿದೆಯಲ್ಲ ಸಿಸ್ಟರ್ ಜೂಕ್ಸ್?" ಎಂದ.

"ಅವತ್ತು ಬೋಲ್ಟು ತಪ್ಪಾಗಿ ಬಿಗಿದಿದ್ದೆ. ಇರೋದು ಎರಡೇ ಇಂಚು. ನಿನ್ನ ಎದುರು ಜಂಬ ಕೊಚ್ಚಿದ್ದು ನಂದೇ ತಪ್ಪು, ಬರ್ಕೋ."

ಅವನು ಬರೆದುಕೊಳ್ಳಲಿಲ್ಲ. ಪಾಪ, ಅವನ ಮುಖವೇ ಬಾಡಿತು. ನಾನು ಸೋಲುವುದು ಅವನಿಗೂ ಬೇಕಿರಲಿಲ್ಲ.

ಮೊದಲ ಮೆಟ್ಟಿಲು, ಎರಡನೆಯದು, ತೊಂದರೆಯಿಲ್ಲ. ಮೂರನೆಯದಕ್ಕೆ ಜೀಪನ್ನು ಓರೆ ಮಾಡಿ ಒಂದೊಂದೇ ಚಕ್ರ ಏರಿಸಿದೆ. ಮುಂದಿನೆರಡು ಹತ್ತಿದವು. ಆಮೇಲೆ ಹೊಟ್ಟೆ ಬಂಡೆಗೆ ತಾಗಿ ಕಿರ್‍ರೆಂದಿತು. ಗಾಡಿ ನಿಂತಿತು. ಹೊರಗೆ ಜನ "ಅಯ್ಯೋ" ಎಂದದ್ದು ಕೇಳಿಸಿತು. ಪೆಡಲಿನ ಮೇಲಿದ್ದ ನನ್ನ ಕಾಲು ಹೆದರಲಿಲ್ಲ. ಮೂವತ್ತೊಂದು ವರ್ಷ ಹಿಮದಲ್ಲಿ ಐವತ್ತು ಮಕ್ಕಳನ್ನು ಹೊತ್ತು ಓಡಿಸಿದ ಕಾಲು ಅದು. ರಭಸ ಕೊಟ್ಟರೆ ಗಾಡಿ ದಾಟುತ್ತಿತ್ತೇನೋ, ಹಿಂದೆ ಮಲಗಿದ್ದ ಮುದುಕ ಮೇಲಕ್ಕೆ ಹಾರಿ ಬೀಳುತ್ತಿದ್ದ. ನಾನು ಒಂದು ಗೇಣು ಹಿಂದೆ ಸರಿದೆ. ಚಕ್ರವನ್ನು ತುಸು ಬಲಕ್ಕೆ ತಿರುಗಿಸಿ, ಅತ್ತ ನಿಲ್ಲದೆ ಇತ್ತ ಓಡದೆ, ಮೆಲ್ಲಗೆ ಬಿಟ್ಟೆ. ಹಿಂದಿನ ಕಮಾನುಪಟ್ಟಿಗಳು ಚಾಚಿಕೊಂಡು ಎರಡೂ ಚಕ್ರಗಳನ್ನು ಬಂಡೆಗೆ ಒತ್ತಿ ಹಿಡಿದವು. ಉಕ್ಕಿನ ಹಲಗೆ ಬಂಡೆಯ ಮೇಲೆ ಉದ್ದಕ್ಕೂ ಜಾರಿತು. ಜೀಪು ಮೇಲೆ ಬಂತು.

ಹಿಂಬಾಗಿಲು ತೆಗೆದರು. ಆರ್ಲಿನ್ ತನ್ನನ್ನು ಕಟ್ಟಿದ್ದ ಪಟ್ಟಿಗಳನ್ನು ಬಿಚ್ಚಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಎದ್ದು ಕೂತ. ಥೇನ್ ಕಾಗದ, ಪೆನ್ನು ಹಿಡಿದು ನಿಂತಿದ್ದ.

"ಎಷ್ಟು ಹಾಕ್ಲಿ, ಬ್ರದರ್ ಆರ್ಲಿನ್?"

"ಅಂಕ ನೀನೇ ಇಟ್ಕೋ. ನಾನು ಹೇಳೋದನ್ನ ಬರ್ಕೋ. ಇನ್ನೊಂದು ಸಲ ನಾನು ಎಲ್ಲಾದ್ರೂ ಬಿದ್ದಿದೀನಿ ಅಂತ ಫೋನ್ ಬಂದ್ರೆ, ನೀನು ಬರಬೇಡಪ್ಪಾ. ಇವಳನ್ನ ಕಳ್ಸು."

ನನಗೆ ಅಳು ಬಂತು. ಬರಲಿ ಎಂದು ಬಿಟ್ಟುಬಿಟ್ಟೆ. ಥೇನ್ ತಲೆ ತಗ್ಗಿಸಿ ಬಹಳ ಹೊತ್ತು ಬರೆದ. ಅಷ್ಟು ಸಣ್ಣ ಮಾತಿಗೆ ಇಷ್ಟು ಹೊತ್ತೇಕೆ ಎಂದು ನಾನು ಹೋಗಿ ಇಣುಕಿದೆ. ಆರ್ಲಿನ್ ಮಾತನ್ನು ಹೇಳಿದ ಹಾಗೆಯೇ ಬರೆದು, ಅದರ ಕೆಳಗೆ ತನ್ನದೊಂದು ಸಾಲು ಸೇರಿಸಿ ಸಹಿ ಹಾಕಿದ್ದ: ನಾನು ಬಿದ್ದರೂ ಇವರನ್ನೇ ಕಳಿಸಿ.