ಕದಕ್ಕೊಂದು ಗಾಜು

ಶಾಸನಸಭೆಯ ಕಾವಲುಗಾರನಿಗೆ ನಮ್ಮನ್ನು ನೋಡಿ ತಲೆ ಕೆಟ್ಟಿತು. ಅಪ್ಪನ ಹೆಗಲ ಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಬಾಗಿಲಿತ್ತು. ಪೂರ್ತಿ ಬಾಗಿಲಲ್ಲ, ಮಾದರಿಗೆಂದು ಸೊಂಟದೆತ್ತರಕ್ಕೆ ಮಾಡಿದ್ದು, ಚೌಕಟ್ಟು ಸಮೇತ.

"ಏನ್ರೀ ಇದು?"

"ಬಾಗಿಲು," ಅಂದರು ಅಪ್ಪ.

"ಬಾಗಿಲನ್ನ ಬಾಗಿಲಿಂದ ಒಳಗೆ ತರ್ತೀರಾ? ಇಲ್ಲಿ ಬಾಗಿಲಿಗೇನು ಬರ ಬಂದಿದ್ಯಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅಷ್ಟರಲ್ಲಿ ನಮ್ಮ ವಕೀಲಮ್ಮ ಪಾಸು ಹಿಡಿದುಕೊಂಡು ಓಡಿಬಂದರು. ಕಾವಲುಗಾರ ಬೆಡ್‌ಶೀಟು ಸರಿಸಿ, ಕದ ತೆರೆದು, ಮುಚ್ಚಿ, ಗಾಜಿನಲ್ಲಿ ತನ್ನ ಮೀಸೆ ನೋಡಿಕೊಂಡು ನಮ್ಮನ್ನು ಒಳಗೆ ಬಿಟ್ಟ.

ನಮ್ಮ ಮನೆಯ ಕಸುಬೇ ಬಾಗಿಲು. ಅಪ್ಪ ಕೊಯ್ದು ಕೂಡಿಸುತ್ತಾರೆ, ನಾನು ಉಜ್ಜಿ ಪಾಲಿಶ್ ಹಚ್ಚುತ್ತೇನೆ. ನನ್ನ ಉಗುರಿನ ಕಂದು ಬಣ್ಣ ಯಾವ ಸೋಪಿಗೂ ಜಗ್ಗುವುದಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಮಗಳನ್ನು ಎತ್ತಿಕೊಂಡು ಅಪ್ಪನ ಮನೆಗೇ ಬಂದೆ. ಮುಂದೆ ಕೆಲಸದ ಶೆಡ್ಡು, ಹಿಂದೆ ಮನೆ. ಮಗಳು ಹುಟ್ಟಿನಿಂದ ಸಣಕಲಿ, ಅದಕ್ಕೇ ಅಪ್ಪ ಅವಳನ್ನು ಕಡ್ಡಿ ಅಂತಲೇ ಕರೆಯುತ್ತಾರೆ. ಈಗ ಅವಳಿಗೆ ಹನ್ನೊಂದು.

ಎರಡು ವರ್ಷದ ಹಿಂದೆ ವಯಲಿನ್ ಮೇಷ್ಟ್ರು ಒಬ್ಬ ಶೆಡ್ಡಿಗೆ ಬಂದ. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾನಂತೆ, ಅಕ್ಕಪಕ್ಕದವರು ಗಲಾಟೆ ಅನ್ನುತ್ತಾರಂತೆ. ಸದ್ದು ಹೊರಗೆ ಹೋಗದ ಬಾಗಿಲು ಬೇಕು ಅಂದ. ಅಪ್ಪನಿಗೆ ಇಂಥ ಕೆಲಸ ಅಂದರೆ ಹಬ್ಬ. ಎರಡು ಹಲಗೆಗಳ ನಡುವೆ ದಪ್ಪ ಉಣ್ಣೆ ತುಂಬಿ, ಸುತ್ತಲೂ ರಬ್ಬರ್ ಪಟ್ಟಿ ಕೂರಿಸಿ, ಕೆಳಗಿನ ಸಂದಿಗೂ ಕುಚ್ಚಿನ ಪಟ್ಟಿ ಹೊಡೆದರು. "ಒಳಗೆ ಬಾಂಬ್ ಹಾಕಿದ್ರೂ ಹೊರಗಿನವರು ನಿದ್ದೆ ಮಾಡಬಹುದು," ಅಂತ ಮೀಸೆ ತಿರುವಿದರು. ಪಾಲಿಶ್ ನನ್ನದೇ. ಮೇಷ್ಟ್ರಿಗೆ ಕೆಲಸ ಎಷ್ಟು ಹಿಡಿಸಿತೆಂದರೆ, ಕಡ್ಡಿಯ ಉದ್ದ ಬೆರಳು ನೋಡಿ, ಇವಳನ್ನ ಪಾಠಕ್ಕೆ ಕಳಿಸಿ ಅಂದ. ಕಳಿಸಿದೆವು.

ಆ ಕದದ ಹಿಂದೆ ಏನಾಯಿತು ಅಂತ ನಾನು ಬರೆಯುವುದಿಲ್ಲ. ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಅವಳ ಬಾಯಿಂದ ಹೇಳಿಸಿ ಹೇಳಿಸಿ ಅವಳಿಗೆ ಮಾತೇ ಸಾಕಾಗಿಹೋಗಿದೆ. ಓದುವವರಿಗೂ ಅದು ಬೇಕಿದ್ದರೆ ಪುಸ್ತಕ ಇಲ್ಲಿಗೇ ಮಡಚಿಡಬಹುದು.

ಕೇಸು ಬಿದ್ದುಹೋಯಿತು. ನೋಡಿದವರಿಲ್ಲ, ಕೇಳಿದವರಿಲ್ಲ. ಮೇಷ್ಟ್ರ ಹೆಂಡತಿ ಕಟಕಟೆಯಲ್ಲಿ ನಿಂತು, ನಾನು ಪಕ್ಕದ ಅಡುಗೆಮನೆಯಲ್ಲೇ ಇದ್ದೆ, ಒಂದು ಸದ್ದೂ ಕೇಳಿಸಲಿಲ್ಲ ಅಂದಳು. ಆಕೆ ಸುಳ್ಳು ಹೇಳಲಿಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಅಪ್ಪನ ಕೆಲಸ ಅಷ್ಟು ಪಕ್ಕಾ ಆಗಿತ್ತು. ಅಂದಿನಿಂದ ಅಪ್ಪ ಮೀಸೆ ಮುಟ್ಟಿದ್ದನ್ನು ನಾನು ನೋಡಿಲ್ಲ.

ಮೇಷ್ಟ್ರು ಮನೆ ಖಾಲಿ ಮಾಡಿದ. ಸಾಮಾನು ಸಾಗಿಸಿದ ಗಾಡಿಯವನು ಅಪ್ಪನಿಗೆ ಪರಿಚಯದವನು, ಏನೂ ಗೊತ್ತಿಲ್ಲದೆ ಬಂದು ಹೇಳಿದ: "ಯಪ್ಪಾ, ನಿಮ್ಮ ಬಾಗಿಲು ಏನ್ ಭಾರ! ಅದನ್ನೂ ಕಳಚಿಕೊಂಡು ಹೋದ್ರು ನೋಡಿ. ಹೊಸ ಮನೇಗೆ ಅದೇ ಬೇಕಂತೆ." ಊರಿನ ಆ ತುದಿಯಲ್ಲಿ, ಹೊಸ ಮನೆಯ ಗೇಟಿಗೆ, ಮನೆಯಲ್ಲೇ ವಯಲಿನ್ ಪಾಠ ಅಂತ ಬೋರ್ಡು ಬಿದ್ದಿದೆ. ನಾನೇ ಹೋಗಿ ನೋಡಿಕೊಂಡು ಬಂದೆ. ಗೇಟಿನ ಹತ್ತಿರ ಒಂದು ಪುಟ್ಟ ಗುಲಾಬಿ ಸೈಕಲ್ ನಿಂತಿತ್ತು. ಗಂಟೆ ಒತ್ತಿ ಕೂಗಾಡಿದೆ, ಸೈಕಲ್ಲಿನ ಮಗುವಿನ ತಾಯಿಯೇ ಬಂದು ನನ್ನನ್ನು ಹುಚ್ಚಿ ಅಂದಳು.

ಮಕ್ಕಳ ರಕ್ಷಣೆಗೆ ರಾಜ್ಯದಲ್ಲೊಂದು ಹೊಸ ಕಾನೂನು ಬರಲಿ ಅಂತ ವಕೀಲಮ್ಮ ಮೊದಲಿನಿಂದಲೂ ಓಡಾಡುತ್ತಿದ್ದರು. ಅದರಲ್ಲಿ ನಮ್ಮದೊಂದು ಸಾಲು ಸೇರಿಸಿ ಅಂತ ಕೇಳಿಕೊಂಡೆ. ಒಬ್ಬ ದೊಡ್ಡವರ ಹತ್ತಿರ ಒಂದು ಮಗು ಕೂತು ಕಲಿಯುವ ಕೋಣೆ ಎಲ್ಲೇ ಇರಲಿ, ಶಾಲೆಯಲ್ಲಿರಲಿ, ಮನೆಯಲ್ಲಿರಲಿ, ಅದರ ಕದಕ್ಕೆ ಒಂದು ಗಾಜು ಇರಬೇಕು, ಒಳಗಡೆ ಚಿಲಕ ಇರಬಾರದು. ಇಷ್ಟೇ. ಈ ಇಷ್ಟಕ್ಕೆ ಮನೆಮನೆ ತಿರುಗಿ ಸಹಿ ಕೇಳಿದೆ. ಪಕ್ಕದ ಬೀದಿಯ ದರ್ಜಿಯ ಹೆಂಡತಿ, "ಮಗಳ ಮಾನ ಬೀದಿಗೆ ತರ್ತಿದ್ದೀಯಲ್ಲೇ," ಅಂದಳು. "ಬೀದಿಗೆ ಬಿದ್ದಿರೋದು ಅವನ ಮಾನ, ಬೇಕಾದ್ರೆ ಬಂದು ಹೆಕ್ಕಿಕೊಳ್ಳಲಿ," ಅಂದು ಅವಳ ಸಹಿಯನ್ನೂ ಹಾಕಿಸಿಕೊಂಡೆ.

ಮೊದಲ ಗಾಜು ಹಾಕಿದ್ದು ನಮ್ಮ ಮನೆಯಲ್ಲೇ, ಕಡ್ಡಿಯ ಕೋಣೆಗೆ. ಚಿಲಕ ಕಿತ್ತೆಸೆದೆವು. ಹೋಗುತ್ತಾ ಬರುತ್ತಾ ನಾನು ಇಣುಕುತ್ತಿದ್ದೆ, ಅಪ್ಪನೂ ಇಣುಕುತ್ತಿದ್ದರು. ಅವಳು ಗೋಡೆಯ ಕಡೆ ಮುಖ ಮಾಡಿ ಓದುತ್ತಿದ್ದಳು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಸದ್ಯ ಕಣ್ಣೆದುರಿಗಿದ್ದಾಳಲ್ಲ ಅಂತ ನನಗೆ ಜೀವಕ್ಕೆ ಸಮಾಧಾನ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಸುತ್ತ ಸದಸ್ಯರು, ತಲೆಯ ಕಡೆ ಅಧ್ಯಕ್ಷರು. ಕಾನೂನಿನ ಉಳಿದ ಭಾಗಕ್ಕೆಲ್ಲ ಆಗಲೇ ಒಪ್ಪಿಗೆ ಬಿದ್ದಿತ್ತು. ಶಾಲೆಗೆ ಗಾಜು ಅಂದರೆ ಯಾರಿಗೂ ತಕರಾರಿಲ್ಲ. ಜಗಳವೆಲ್ಲ 'ಮನೆ' ಅನ್ನುವ ಒಂದು ಮಾತಿನ ಮೇಲೆ. ಅದು ಉಳಿಯಬೇಕೋ ಬೇಡವೋ ಅಂತ ಅಂದೇ ತೀರ್ಮಾನವಾಗಬೇಕಿತ್ತು. ಅದು ಉಳಿಯದಿದ್ದರೆ ಆ ಮೇಷ್ಟ್ರ ಬಾಗಿಲನ್ನು ಯಾರೂ ಮುಟ್ಟುವ ಹಾಗಿಲ್ಲ.

ಅಪ್ಪನನ್ನು ಮಾತಾಡಿ ಅಂದರು. ಅಪ್ಪ ಮಾದರಿ ಬಾಗಿಲನ್ನು ಮೇಜಿಗೆ ಒರಗಿಸಿ, ಗಾಜು ಹೀಗೆ ಕೂರುತ್ತದೆ, ಅಂಚಿಗೆ ಹೀಗೆ ಪಟ್ಟಿ ಬರುತ್ತದೆ ಅಂತ ಶುರುಮಾಡಿದರು. ಗಿರಾಕಿಯ ಮುಂದೆ ಮಾತಾಡಿ ಅಭ್ಯಾಸ, ಮರದ ಜಾತಿಯವರೆಗೂ ಹೋದರು. ಒಬ್ಬ ಸದಸ್ಯ ಆಕಳಿಸಿದ. "ಯಜಮಾನ್ರೇ, ವಿಷಯಕ್ಕೆ ಬನ್ನಿ," ಅಂದರು ಅಧ್ಯಕ್ಷರು.

ಅಪ್ಪ ಕದದ ಮೇಲೆ ಕೈ ಇಟ್ಟರು. "ಆ ಮನೆ ಬಾಗಿಲು ನಾನೇ ಮಾಡಿದ್ದು ಸ್ವಾಮಿ. ಕೆಮ್ಮಿದ್ರೂ ಹೊರಗೆ ಕೇಳಬಾರ್ದು ಅಂದಿದ್ರು. ನಮ್ಮ ಹುಡುಗಿ ಕೂಗಿದ್ದಾಳೆ. ಕೇಳ್ಲಿಲ್ಲ."

ಆಕಳಿಸಿದವನು ಬಾಯಿ ಮುಚ್ಚಿಕೊಂಡ. ಗೆದ್ದೆವು ಅಂತ ನನಗೆ ಅನ್ನಿಸಿತು, ಆ ಗಳಿಗೆಯಲ್ಲಿ ಖಂಡಿತ ಅನ್ನಿಸಿತು.

ಮೇಜಿನ ಕೊನೆಯಲ್ಲಿ ಕೂತಿದ್ದ ಸದಸ್ಯೆಯೊಬ್ಬರು ಕನ್ನಡಕ ತೆಗೆದರು. ಆಕೆ ಹಿಂದೆ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರಂತೆ. "ನಿಮ್ಮ ಮನೇಲೂ ಹೀಗೆ ಗಾಜು ಹಾಕಿದ್ದೀರೇನಮ್ಮ?" ಅಂತ ನನ್ನನ್ನು ಕೇಳಿದರು.

"ಹಾಕಿದ್ದೀವಿ. ಮೊದಲು ಹಾಕಿದ್ದೇ ಮಗಳ ಕೋಣೆಗೆ."

"ಅವಳು ಏನಂತಾಳೆ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ ಮೈ ಉರಿಯಿತು. "ಹನ್ನೊಂದು ವರ್ಷದ ಮಗೂನ ಅದೇನು ಕೇಳೋದು ಮೇಡಂ? ಅವಳ ಒಳ್ಳೇದಕ್ಕೆ ತಾನೇ ಹಾಕಿರೋದು?"

"ಕೇಳಬೇಕಿತ್ತು," ಅಂದರು ಆಕೆ, ಮೆಲ್ಲಗೆ.

ವಕೀಲಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆದರೆ ಆಗಬೇಕಾದ್ದು ಆಗಿಹೋಗಿತ್ತು. ಅಧ್ಯಕ್ಷರ ಬಾಯಿಗೆ ಸಿಹಿ ಬಿದ್ದಂತಾಯಿತು. "ನೋಡಿ, ಇದನ್ನೇ ನಾನು ಹೇಳ್ತಾ ಇದ್ದದ್ದು. ಮಗೂಗೂ ಒಂದು ಏಕಾಂತ ಅನ್ನೋದು ಬೇಕಲ್ವಾ? ಶಾಲೆ ಬೇರೆ, ಮನೆ ಬೇರೆ. ಜನರ ಮನೆಯೊಳಗೆ ಸರ್ಕಾರ ಇಣುಕೋಕಾಗಲ್ಲ."

"ನಾನು ಕೇಳಿದ್ದು ಅದಕ್ಕಲ್ಲ ಸಾರ್!" ಅಂತ ಸದಸ್ಯೆ ಎದ್ದು ನಿಂತರು. ಯಾರೂ ಆಕೆಯ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. 'ಮನೆ' ಇರಲಿ ಅನ್ನುವವರು ಕೈ ಎತ್ತಿ ಅಂದಾಗ ಆಕೆಯ ಕೈ ಎದ್ದಿತು, ಆಕಳಿಸಿದವನ ಕೈ ಎದ್ದಿತು. ಉಳಿದ ಕೈಗಳೆಲ್ಲ ಮೇಜಿನ ಮೇಲೆ, ಟೀ ಕಪ್ಪುಗಳ ಪಕ್ಕದಲ್ಲಿ ಇದ್ದವು.

ಹೊರಗೆ ಬಂದಾಗ ಕಾವಲುಗಾರ, "ಏನಾಯ್ತು ಬಾಗಿಲು?" ಅಂದ. ಅಪ್ಪ ಬಾಗಿಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದರು. ವಕೀಲಮ್ಮ, ಶಾಲೆಗಳ ಮಟ್ಟಿಗಾದರೂ ಬಂತಲ್ಲ, ಮನೇದು ಇನ್ನೊಮ್ಮೆ ನೋಡೋಣ ಅಂದರು. ಒಳ್ಳೆಯ ಹೆಂಗಸು, ಆದರೆ ಅವತ್ತು ನನಗೆ ಆಕೆಯ ಮುಖ ನೋಡುವುದೂ ಬೇಡವಾಗಿತ್ತು. ಬಸ್ಸಿನುದ್ದಕ್ಕೂ ನಾನು ಆ ನರ್ಸಮ್ಮನನ್ನು ಮನಸ್ಸಿನಲ್ಲೇ ಬೈಯುತ್ತಾ ಬಂದೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಕಡ್ಡಿ ಶಾಲೆಯಿಂದ ಬಂದಿದ್ದಳು, ಚಪ್ಪಲಿ ಹೊಸ್ತಿಲಲ್ಲಿತ್ತು. ಅವಳ ಕೋಣೆಯ ಕದ ಮುಚ್ಚಿತ್ತು, ಗಾಜು ಕಾಣುತ್ತಿರಲಿಲ್ಲ. ಶೆಡ್ಡಿನ ಮರದ ಗೋಂದು ಬಳಿದು, ಗಾಜಿನ ತುಂಬ ಡ್ರಾಯಿಂಗ್ ಹಾಳೆಗಳನ್ನು ಒಳಗಿನಿಂದ ಒತ್ತೊತ್ತಾಗಿ ಅಂಟಿಸಿದ್ದಳು. ಒಂದು ಚೂರು ಸಂದಿಯೂ ಬಿಟ್ಟಿರಲಿಲ್ಲ. ಅಂಟಿಸುವ ಕೆಲಸ ಅಜ್ಜನಿಂದ ಕಲಿತವಳು.

ನನ್ನ ಇಡೀ ದಿನದ ಸಿಟ್ಟು ಒಮ್ಮೆಗೇ ನೆತ್ತಿಗೇರಿತು. ಕದ ದೂಡಿದೆ. ಒಳಗಿನಿಂದ ಕುರ್ಚಿ ಅಡ್ಡ ಇಟ್ಟಿದ್ದಳು.

"ಏನೇ ಇದು ಅವತಾರ? ತೆಗಿ ಬಾಗಿಲು!"

"ಬಟ್ಟೆ ಬದಲಾಯಿಸ್ತಿದ್ದೀನಿ."

"ನಾನು ನಿನ್ನ ಅಮ್ಮ ಕಣೇ. ನನ್ನ ಹತ್ರ ಏನು ಮುಚ್ಚುಮರೆ?"

ಕದಕ್ಕೆ ತೀರಾ ಹತ್ತಿರದಿಂದ ಅವಳ ದನಿ ಬಂತು. ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅವನೂ ನೋಡ್ತಾನೇ ಇದ್ದ ಅಮ್ಮ. ಈಗ ನೀವೂ ನೋಡ್ತಾನೇ ಇರ್ತೀರ."

ಕದ ದೂಡುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಹಿಂದೆ ನಿಂತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಚಪ್ಪಲಿ ಎಳೆಯುತ್ತಾ ಶೆಡ್ಡಿಗೆ ಹೋದರು. ಡಬ್ಬಿಗಳನ್ನು ತಡಕಾಡುವ ಸದ್ದು ಕೇಳಿಸಿತು. ಬರುವಾಗ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಪ್ಲೈವುಡ್ಡಿನ ಒಂದು ತುಂಡಿತ್ತು, ಒಂದು ಹೊಸ ಹಿತ್ತಾಳೆ ಚಿಲಕ ಇತ್ತು.

"ಕಡ್ಡೀ," ಅಂದರು ಅಪ್ಪ, ಕದಕ್ಕೆ ಬಾಯಿ ಹಚ್ಚಿ. "ನಿನ್ನ ಬಟ್ಟೆ ಆದ್ಮೇಲೆ ನೀನಾಗಿ ತೆಗಿ. ಚಿಲಕ ಎಷ್ಟು ಎತ್ತರಕ್ಕೆ ಬೇಕು ಅಂತ ನೀನೇ ತೋರಿಸಬೇಕು."

ಬಹಳ ಹೊತ್ತಿನ ಮೇಲೆ ಕುರ್ಚಿ ಸರಿಯಿತು. ಅವಳು ಕದದ ಒಳಮೈ ಮೇಲೆ, ತನ್ನ ಎದೆಯ ಮಟ್ಟಕ್ಕೆ ಬೆರಳಿಟ್ಟು ತೋರಿಸಿದಳು. ಅಪ್ಪ ಪೆನ್ಸಿಲಿನಿಂದ ಗುರುತು ಹಾಕಿ ಸ್ಕ್ರೂ ತಿರುಗಿಸಿದರು. ನಾನು ಟಾರ್ಚು ಹಿಡಿದುಕೊಂಡೆ. ಗಾಜಿದ್ದ ಜಾಗಕ್ಕೆ ಪ್ಲೈವುಡ್ಡು ಬಂತು. ಕೆಲಸ ಮುಗಿದ ಮೇಲೆ ಅವಳು ಇಬ್ಬರನ್ನೂ ಹೊರಗೆ ಕಳಿಸಿ, ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಅಪ್ಪ ಬಿಚ್ಚಿ ನೆಲದ ಮೇಲಿಟ್ಟಿದ್ದ ಗಾಜನ್ನು ಬಟ್ಟೆಯಲ್ಲಿ ಸುತ್ತುತ್ತಾ ಕೂತರು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಶಾಲೆ ಬಿಟ್ಟ ಮಕ್ಕಳು ಪಾಠಕ್ಕೆ ಹೋಗುವ ಹೊತ್ತು. ಊರಿನ ಆ ತುದಿಯಲ್ಲೂ ಈಗ ಒಂದು ಕದ ಮುಚ್ಚುತ್ತಿರುತ್ತದೆ. ಅಪ್ಪ ಉಣ್ಣೆ ತುಂಬಿದ ಕದ, ನಾನು ಪಾಲಿಶ್ ಹಚ್ಚಿದ ಕದ. ಅದಕ್ಕೂ ಒಳಗಡೆಯೇ ಚಿಲಕ. ಅದು ಮಾತ್ರ ಮಗುವಿನ ಕೈಗೆ ಎಟುಕುವುದಿಲ್ಲ, ಮೇಷ್ಟ್ರ ಎತ್ತರಕ್ಕೆ ಅಳತೆ ತೆಗೆದು ನಾವೇ ಕೂರಿಸಿದ್ದು.