ಮಿಕಾಯೇಲನ ಹಬ್ಬದ ಕಹಿ ತೆಲ್ಲ

ಮೂಳೆ ಕಟ್ಟುವ ಮುದುಕ ನನ್ನ ಬಲಗೈಗೆ ಬಿದಿರಿನ ಪಟ್ಟಿ ಬಿಗಿದು, "ಹಬ್ಬ ಮುಗಿಯೋ ತನಕ ಇದನ್ನ ಬಿಚ್ಚೋ ಹಾಗಿಲ್ಲಮ್ಮ" ಅಂದಾಗ ನಾನು ಗೊಳೋ ಎಂದು ಅತ್ತುಬಿಟ್ಟೆ. ನೋವಿಗೆ ಅಳುತ್ತಿದ್ದಾಳೆ ಅಂದುಕೊಂಡು ಅವನು ಪಟ್ಟಿಯನ್ನು ಸ್ವಲ್ಪ ಸಡಿಲ ಮಾಡಿದ. ನೋವು ಹಾಳಾಗಲಿ, ಮಿಕಾಯೇಲನ ಹೂಜಿ ನಮ್ಮ ಮನೆಗೆ ಬಂದು ಕೂತಿತ್ತಲ್ಲ, ನನಗೆ ಅದರ ಸಂಕಟ.

ದೇವದೂತ ಮಿಕಾಯೇಲನ ಹೆಸರಿನಲ್ಲಿ ನಮ್ಮ ಹಳ್ಳಿಯಲ್ಲೊಂದು ಕೂಟವಿದೆ. ತಿಂಗಳಿಗೊಂದು ಮನೆ ಎಲ್ಲರಿಗೂ ಊಟ ಹಾಕಿ, ಮನೆಯಲ್ಲೇ ಬಾರ್ಲಿ ಹುದುಗಿಸಿ ಮಾಡಿದ ತೆಲ್ಲ ಕುಡಿಸಬೇಕು. ಪಾದ್ರಿಗಳು ರೊಟ್ಟಿಯನ್ನೂ ತೆಲ್ಲವನ್ನೂ ಆಶೀರ್ವದಿಸುತ್ತಾರೆ. ಊಟ ಮುಗಿದ ಮೇಲೆ, ಬಟ್ಟೆ ಹೊದಿಸಿದ ಆ ಮಣ್ಣಿನ ಹೂಜಿ ಹಾಡಿನ ಜೊತೆ ಮುಂದಿನ ಮನೆಗೆ ಹೋಗುತ್ತದೆ. ಹೂಜಿ ತೆಗೆದುಕೊಂಡವರು ಕೈಲಾಗದು ಅಂದರೆ ಅದು ಬೇರೆಯವರ ಮನೆ ಸೇರುತ್ತದೆ. ಯಾರೂ ಬೈಯುವುದಿಲ್ಲ, ಆದರೆ ಹಾಗೆ ಅಂದವರು ಈವರೆಗೂ ಯಾರೂ ಇಲ್ಲ.

ನಾನು ಕೇಳಿ ಪಡೆದದ್ದು ಮಳೆಗಾಲ ಕಳೆದು ಬರುವ ಹಿದಾರ್ ತಿಂಗಳ ದೊಡ್ಡ ಹಬ್ಬದ ಸರದಿ. ಮಳೆಗಾಲದಲ್ಲಿ ನನ್ನ ಗಂಡ ಮಂದೆಫ್ರೊಗೆ ಜ್ವರ ಎದೆಗಿಳಿದು, ಪಾದ್ರಿಗಳು ಬಂದು ಕೊನೆಯ ಪ್ರಾರ್ಥನೆಯನ್ನೂ ಮಾಡಿ ಹೋಗಿದ್ದರು. ಆಗ ನಾನು ಹರಕೆ ಹೊತ್ತೆ. "ಇವನನ್ನ ಎಬ್ಬಿಸಿ ಕೂರಿಸು ಮಿಕಾಯೇಲ, ನಿನ್ನ ದೊಡ್ಡ ಹಬ್ಬದ ತೆಲ್ಲ ನನ್ನ ಕೈಯಾರೆ ಮಾಡಿ ಬಡಿಸ್ತೀನಿ." ಮಿಕಾಯೇಲ ಮಾತು ಉಳಿಸಿಕೊಂಡ. ಎದ್ದು ಕೂತ ಗಂಡ ಅವತ್ತು ತೆರೆದ ಬಾಯನ್ನು ಇನ್ನೂ ಮುಚ್ಚಿಲ್ಲ. ನನ್ನ ಮಾತು ಉಳಿಸಿಕೊಳ್ಳುವ ಸರದಿ ಬಂತು ಅನ್ನುವಾಗ, ನೀರು ತರುತ್ತಾ ಜಾರಿ ಬಿದ್ದು ಕೈ ಮುರಿದುಕೊಂಡೆ.

ಕೂಟದ ಹಿರಿಯನಿಗೆ ನಾವು ಮೋಶೆ ಅನ್ನುತ್ತೇವೆ. ಈಗಿನ ಮೋಶೆ ಗೆಬೆಯೆಹು ಒಳ್ಳೆಯವನು, ಆದರೆ ಜಗಳ ಕಂಡರೆ ಆ ದಾರಿಯಲ್ಲೇ ನಡೆಯುವವನಲ್ಲ. ಸುದ್ದಿ ಕೇಳಿ ಓಡಿಬಂದ.

"ಅಸ್ನಾಕೆಚ್ ಅಕ್ಕ, ಯಾಕೆ ಅಳ್ತೀಯ? ಒಬ್ಬರ ಕೈ ಮುರಿದರೆ ಕೂಟದ ಕೈ ಮುರೀತಾ? ತೆಲ್ಲ ಮಾಡೋಕೆ ದೆಬ್ರಿತು ಇದಾಳೆ, ಫಂತಾಯೆ ಇದಾಳೆ."

"ಇಬ್ಬರೂ ಒಂದೇ ಅಡುಗೆಮನೇಲಾ?" ಅಂತ ನನ್ನ ಗಂಡ ಮಂಚದಿಂದಲೇ ನಕ್ಕ.

"ಒಟ್ಟಿಗೆ ಯಾಕೆ? ಬೆಳಿಗ್ಗೆ ದೆಬ್ರಿತು, ಮಧ್ಯಾಹ್ನ ಫಂತಾಯೆ." ಮೋಶೆಗೆ ತನ್ನ ಜಾಣತನದ ಬಗ್ಗೆ ಬಹಳ ಹೆಮ್ಮೆಯಾಯಿತು.

ಅವರಿಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾದ ಓರಗಿತ್ತಿಯರು. ಊರಿನಲ್ಲಿ ತೆಲ್ಲ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಈಸ್ಟರ್ ಹೊತ್ತಿಗೆ ದೆಬ್ರಿತುವಿನ ಆಡು ಹಗ್ಗ ಬಿಚ್ಚಿಕೊಂಡು ಹೋಗಿ ಫಂತಾಯೆಯ ಹಿತ್ತಲಿನ ಗೆಶೊ ಗಿಡಗಳನ್ನು ಬೋಳಿಸಿಬಿಟ್ಟಿತು. ಗೆಶೊ ಎಲೆಯಿಲ್ಲದೆ ತೆಲ್ಲ ಇಲ್ಲ. ಅದರ ಕಹಿಯೇ ತೆಲ್ಲದ ರುಚಿ. ಫಂತಾಯೆ ಬೇಲಿಯ ಬಳಿ ನಿಂತು, "ಯಾರ ಹಿತ್ತಲ ಗೆಶೊ ಚೆನ್ನಾಗಿದೆ ಅಂತ ನಿನ್ನ ಮನೆ ಆಡಿಗೂ ಗೊತ್ತು!" ಅಂದಳು. ದೆಬ್ರಿತು ಸುಮ್ಮನಿರುವ ಹೆಂಗಸಾ? "ರುಚಿಗೆ ತಿನ್ನಲಿಲ್ಲ ಕಣೇ, ಹೊಟ್ಟೆ ಉಬ್ಬರಿಸಿತ್ತು, ಮದ್ದು ಅಂತ ತಿಂತು!" ಅಷ್ಟೇ. ಅಂದಿನಿಂದ ಮಾತಿಲ್ಲ.

ಮನಸ್ಸಿನಲ್ಲಿ ಮುನಿಸಿಟ್ಟುಕೊಂಡು ಕೂಟದ ಲೋಟ ಮುಟ್ಟುವಂತಿಲ್ಲ. ಆಶೀರ್ವಾದಕ್ಕೆ ಮುಂಚೆ ಮೋಶೆ ಎಲ್ಲರನ್ನೂ ಕೇಳುತ್ತಾನೆ. ಅದಕ್ಕೆ ಇವರು ಉಪಾಯ ಹುಡುಕಿಕೊಂಡಿದ್ದರು. ಒಬ್ಬಳು ಬಂದ ತಿಂಗಳು ಇನ್ನೊಬ್ಬಳು ಗಂಡನನ್ನು ಕಳಿಸುತ್ತಿದ್ದಳು. ಮೋಶೆಯೂ ಕಂಡೂ ಕಾಣದ ಹಾಗೆ ಇದ್ದುಬಿಟ್ಟಿದ್ದ.

ಮೋಶೆಯ ಏರ್ಪಾಟಿನಂತೆ ಒಂದು ಬೆಳಿಗ್ಗೆ ದೆಬ್ರಿತು ಬಂದು, ನನ್ನನ್ನು "ಮಲಗಕ್ಕ" ಅಂತ ಗದರಿಸಿ, ಗುಡಾಣ ತೊಳೆದು, ಗೆಶೊ ಪುಡಿ ನೆನೆಹಾಕಿ ಹೋದಳು. ಮಧ್ಯಾಹ್ನ ನಾನು ಮೂಳೆ ಕಟ್ಟುವವನ ಹತ್ತಿರ ಹೋಗಿದ್ದಾಗ ಫಂತಾಯೆ ಬಂದಳು. ಮುಚ್ಚಳ ತೆಗೆದು ಮೂಸಿದಳಂತೆ. 'ಇವಳ ಕೈ ಮದುವೆಯಾಗಿ ಬಂದಾಗಿನಿಂದ ಬಿಗಿ. ಮಿಕಾಯೇಲನ ಗುಡಾಣಕ್ಕೂ ಚಿಟಿಕೆ ಲೆಕ್ಕವೇ' ಅಂದುಕೊಂಡು, ಮನೆಗೆ ಹೋಗಿ, ಆಡು ತಿಂದು ಮತ್ತೆ ಚಿಗುರಿದ್ದ ಗಿಡದಿಂದ ಒಣಗಿಸಿಟ್ಟಿದ್ದ ಅಷ್ಟೂ ಪುಡಿಯನ್ನು ತಂದು ಸುರಿದಳು. ಯಾರಿಗೂ ಹೇಳಲಿಲ್ಲ. ಹೇಳಬೇಕೆಂದರೆ ದೆಬ್ರಿತುವಿನ ಹೆಸರನ್ನು ಬಾಯಲ್ಲಿ ಆಡಬೇಕಿತ್ತಲ್ಲ.

ಮುಂದಿನ ಕೆಲಸವೆಲ್ಲ ಅದರ ಮೇಲೇ ನಡೆಯಿತು. ರೊಟ್ಟಿ ಮುರಿದು ಹಾಕಿದ್ದಾಯಿತು, ಮೊಳಕೆ ಬಾರ್ಲಿಯ ಪುಡಿ ಕಲಸಿದ್ದಾಯಿತು. ಇನ್ನು ನೀರು ಹೊಯ್ದು ಬಾಯಿ ಮುಚ್ಚಬೇಕು ಅನ್ನುವಾಗ ನನ್ನ ಗಂಡ ಸೋರೆಬುರುಡೆಯಲ್ಲಿ ಒಂದಿಷ್ಟು ಎತ್ತಿ ನಾಲಿಗೆಗೆ ಮುಟ್ಟಿಸಿದ. ಅವನ ಮುಖ ಸುಟ್ಟ ಬದನೆಕಾಯಿಯಾಯಿತು.

"ಏನೇ ಇದು! ಮಳೆಗಾಲದಲ್ಲಿ ಇದನ್ನ ಕುಡಿಸಿದ್ದರೆ ನನ್ನ ಜ್ವರ ಅವತ್ತೇ ಊರು ಬಿಡ್ತಿತ್ತು."

ನಾನೂ ರುಚಿ ನೋಡಿದೆ. ಬರೀ ಕಹಿ. ಹಬ್ಬಕ್ಕೆ ಉಳಿದಿದ್ದು ನಾಲ್ಕೇ ದಿನ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಮೋಶೆಯ ಮನೆಗೆ ಹೋಗಿ, "ಹೂಜಿ ಬೇರೆಯವರಿಗೆ ಕೊಟ್ಟುಬಿಡು ಗೆಬೆಯೆಹು" ಅಂದೆ. ಆ ಮಾತು ಆಡಿದ ಮೇಲೆ ಮನೆಗೆ ಬಂದು ಬದುಕಿ ಕೂತ ಗಂಡನ ಮುಖ ನೋಡುವ ಧೈರ್ಯವೂ ನನಗಿರಲಿಲ್ಲ.

ಮೋಶೆ ಅವಸರವಸರವಾಗಿ ಬಂದು ತಾನೂ ಒಂದು ಗುಟುಕು ಕುಡಿದ, ಬಾಯಿ ಒರೆಸಿಕೊಂಡ.

"ಈ ಕಹಿ ಅವರದಲ್ಲ ಅಕ್ಕ, ನನ್ನದು. ಬೆಳಿಗ್ಗೆ ಒಬ್ಬಳು, ಮಧ್ಯಾಹ್ನ ಒಬ್ಬಳು ಅಂತ ಹಂಚಿದವನು ನಾನು ತಾನೆ?" ಅಂದವನೇ ಹೊರಟು, ಇಬ್ಬರನ್ನೂ ಒಟ್ಟಿಗೇ ಕರೆದುಕೊಂಡು ಬಂದ. ಬರುವ ದಾರಿಯಲ್ಲಿ ಅವನೇ ನಡುವೆ ನಡೆದನಂತೆ.

ಕಹಿ ಇಳಿಸಲು ದಾರಿ ಒಂದೇ ಇತ್ತು. ಕಲಸಿದ್ದನ್ನು ಎರಡು ಗುಡಾಣಕ್ಕೆ ಹಂಚಿ, ಎರಡಕ್ಕೂ ಹೊಸದಾಗಿ ಕಾಳು ಕೂಡಿಸಬೇಕು. ಮೊಳಕೆ ಪುಡಿ ಮಿಕ್ಕಿದ್ದುದು ದೆಬ್ರಿತುವಿನ ಮನೆಯಲ್ಲಿ. ಎರಡನೆಯ ಗುಡಾಣ, ಹುರಿದ ಬಾರ್ಲಿಹಿಟ್ಟು ಇದ್ದುದು ಫಂತಾಯೆಯ ಮನೆಯಲ್ಲಿ. ಇಬ್ಬರೂ ಮನೆಗೆ ಹೋಗಿ ಹೊತ್ತು ತಂದರು. ನಾನು ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತೆ. ಅಲ್ಲಿಂದ ಶುರುವಾಯಿತು.

"ಅಕ್ಕ, ನೀರು ನಿಧಾನ ಹೊಯ್ಯೋಕೆ ಹೇಳು ಅವರಿಗೆ," ಎಂದಳು ದೆಬ್ರಿತು, ಫಂತಾಯೆಯಿಂದ ಒಂದು ಮೊಳ ದೂರದಲ್ಲಿ ನಿಂತು.

"ಅಕ್ಕ, ನಾನು ನೀರು ಹೊಯ್ಯೋದು ಹುಟ್ಟಿದಾಗಿನಿಂದ ಕಲ್ತಿದೀನಿ ಅಂತ ಹೇಳು ಅವರಿಗೆ."

"ಅಕ್ಕ, ಗೆಶೊ ಹಾಕೋದೂ ಹಾಗೇ ಕಲ್ತಿದ್ರಾ ಅಂತ ಕೇಳು."

ನನಗೆ ರೇಗಿತು. "ನನ್ನದು ಕೈ ಮುರಿದಿರೋದು, ನಿಮ್ಮಿಬ್ಬರ ನಾಲಿಗೆ ಯಾವಾಗ ಮುರೀತು?" ಅಂದೆ. ಮೋಶೆ ಬಾಗಿಲಿಗೆ ಮುಖ ತಿರುಗಿಸಿಕೊಂಡು ಕೆಮ್ಮಿದ.

ಭಾರದ ಗುಡಾಣವನ್ನು ಬಗ್ಗಿಸಿ ಅರ್ಧವನ್ನು ಇನ್ನೊಂದಕ್ಕೆ ಸುರಿಯುವ ಹೊತ್ತು ಬಂತು. ದೆಬ್ರಿತು ಗುಡಾಣದ ಕುತ್ತಿಗೆ ಹಿಡಿದು ಬಗ್ಗಿಸಿದಳು. ಒದ್ದೆ ನೆಲದಲ್ಲಿ ಅವಳ ಕಾಲು ಜಾರಿತು. ಗುಡಾಣ ವಾಲಿತು. ನನ್ನ ಹರಕೆಯೆಲ್ಲ ನೆಲದ ಪಾಲಾಯಿತು ಅಂತ ನಾನು ಕಣ್ಣು ಮುಚ್ಚಿಕೊಂಡೆ.

"ದೆಬ್ರಿತು! ಬಿಡಬೇಡ ಕಣೇ, ನಾ ಹಿಡಿದಿದೀನಿ!"

ಕಣ್ಣು ಬಿಟ್ಟರೆ ಫಂತಾಯೆ ಮಂಡಿಯೂರಿ, ಗುಡಾಣವನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಬಿಳಿ ಬಟ್ಟೆಯೆಲ್ಲ ಕಂದು ಗಂಜಿ. ದೆಬ್ರಿತು ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದೇ ಇದ್ದಳು.

"ನನ್ನ ಹೆಸರು ನೆನಪಿದೆಯೇನೇ ನಿಂಗೆ?" ಎಂದಳು ದೆಬ್ರಿತು.

"ದಿನಾ ಮನಸ್ಸಲ್ಲೇ ಬೈತಿದ್ದೆನಲ್ಲ, ಮರೆಯೋದು ಹೇಗೆ? ಮೊದಲು ಇದನ್ನ ಎತ್ತು, ನನ್ನ ಬೆನ್ನು ಹೋಯ್ತು."

ದೆಬ್ರಿತು ನಕ್ಕಳು. ಆಮೇಲೆ ನಗುತ್ತಾ ನಗುತ್ತಾ ಅಳತೊಡಗಿದಳು. ಫಂತಾಯೆ, "ಕಣ್ಣೀರು ಗುಡಾಣಕ್ಕೆ ಬೀಳಿಸಬೇಡ, ಉಪ್ಪೂ ಹೆಚ್ಚಾದೀತು" ಅಂದಳು, ತಾನೂ ಮೂಗು ಒರೆಸಿಕೊಂಡಳು. ನಾನಂತೂ ಮೂಲೆಯಲ್ಲಿ ಮೊದಲೇ ಅಳುತ್ತಿದ್ದೆ.

ಹಬ್ಬದ ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಳಿ ಬರಿಸಿದ ಹಿಟ್ಟಿನ ಇಂಜೆರ, ಸಾರು, ಬಾಳೆಯೆಲೆಯಲ್ಲಿ ಬೇಯಿಸಿದ ದೊಡ್ಡ ರೊಟ್ಟಿ, ಒಂದರ ಬದಲು ಎರಡು ಗುಡಾಣ ತೆಲ್ಲ. ಚರ್ಚಿನ ಬಾಗಿಲಲ್ಲಿ ಕೂರುವ ಬಡವರಿಗೂ ಕೊಡ ತುಂಬ ಕಳಿಸಿದೆವು. ಅಷ್ಟು ಕಳಿಸುವ ಯೋಗ ನನ್ನೊಬ್ಬಳ ಗುಡಾಣಕ್ಕೆ ಎಲ್ಲಿತ್ತು? ಮೋಶೆ ಎದ್ದು ನಿಂತು, "ಯಾರ ಮನಸ್ಸಿನಲ್ಲಾದರೂ ಯಾರ ಮೇಲಾದರೂ ಮುನಿಸಿದೆಯೇ?" ಅಂತ ಕೇಳಿದ. ಓರಗಿತ್ತಿಯರು ಅಕ್ಕಪಕ್ಕ ಕೂತಿದ್ದರು. "ಆಡಿನ ಮೇಲೆ ಸ್ವಲ್ಪ ಇದೆ" ಎಂದಳು ಫಂತಾಯೆ. ಪಾದ್ರಿಗಳೇ ಮೊದಲು ನಕ್ಕರು. ಆಮೇಲೆ ರೊಟ್ಟಿಯ ಮೇಲೆ, ತೆಲ್ಲದ ಮೇಲೆ ಶಿಲುಬೆ ಹಿಡಿದು ಆಶೀರ್ವದಿಸಿದರು.

ಎಲ್ಲರೂ ಕುಡಿದ ಮೇಲೆ ಕೊನೆಯ ಲೋಟ ಮನೆಯವಳದು. ಅದನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಒಂದೇ ಕೈಯಲ್ಲಿ ತೆಗೆದುಕೊಳ್ಳುವುದು ನಮ್ಮಲ್ಲಿ ಮನುಷ್ಯರಿಗೇ ಅವಮಾನ, ಇನ್ನು ಮಿಕಾಯೇಲನಿಗೆ? ಕೈ ಮುರಿದ ದಿನದಿಂದ ನನ್ನನ್ನು ಕೊರೆದದ್ದು ಇದೇ. ನನ್ನ ಕೈಯಾರೆ ಮಾಡುತ್ತೇನೆ ಅಂದಿದ್ದವಳು, ಕೊನೆಗೆ ಲೋಟ ಹಿಡಿಯಲೂ ಕೈಯಿಲ್ಲದೆ ನಿಂತೆ. ಪಾದ್ರಿಗಳು ಲೋಟ ನೀಡಿದರು. ನಾನು ನಾಚುತ್ತಾ ಎಡಗೈ ಒಂದನ್ನೇ ಚಾಚಿದೆ.

ಬಲಗಡೆಯಿಂದ ಇನ್ನೊಂದು ಕೈ ಬಂದು ಲೋಟದ ಕೆಳಗೆ ಸೇರಿತು. ದೆಬ್ರಿತುವಿನದು. ಅದರ ಅಡಿಗೆ, ಅದನ್ನು ಎತ್ತಿ ಹಿಡಿಯುತ್ತಾ, ಫಂತಾಯೆಯ ಕೈ. ಇಬ್ಬರ ಉಗುರಿನ ಅಂಚಿನಲ್ಲೂ ಗೆಶೊ ಕಲೆ ಇನ್ನೂ ಹೋಗಿರಲಿಲ್ಲ.

"ಕುಡಿಯಕ್ಕ," ಎಂದಳು ಫಂತಾಯೆ, "ನಿನ್ನ ಕೈಯಾರೆ."

ಕುಡಿದೆ. ಸ್ವಲ್ಪ ಕಹಿ ಇನ್ನೂ ಉಳಿದಿತ್ತು. ದೇವರೇ, ಅಂಥ ತೆಲ್ಲ ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ನಾನು ಕೇಳಿದ್ದು ಒಂದು ಜೀವ, ಮಿಕಾಯೇಲ. ನೀನು ಇಷ್ಟೆಲ್ಲ ಕೊಟ್ಟೆ. ನನ್ನ ಗಂಡ ಹಿಂದಿನಿಂದ ಬಗ್ಗಿ ಕಿವಿಯಲ್ಲಿ ಹೇಳಿದ:

"ಎಡಗೈ ಹುಷಾರು ಕಣೇ. ಊರಲ್ಲಿ ಇನ್ನೂ ಎರಡು ಮೂರು ಜಗಳ ಬಾಕಿ ಇವೆ."