ಮಾಸಿದ ನೀಲಿ

ಪೆಟ್ಟಿಗೆ ಯಜಮಾನರು ಎಂದೇ ಅವರಿಗೆ ಓಣಿಯಲ್ಲಿ ಹೆಸರು. ಮನೆಯಲ್ಲಿ ಜಪಾನಿನ ಚಿತ್ರಗಳು ರಾಶಿ ಇದ್ದರೂ ಗೋಡೆ ಏರುವುದು ಒಂದೇ, ಉಳಿದವೆಲ್ಲ ಪೆಟ್ಟಿಗೆಯಲ್ಲಿ. ಜಪಾನಿನವರ ಈ ಪದ್ಧತಿಗೆ ಗಂಡ ಹೆಂಡತಿ ಇಬ್ಬರೂ ಮನಸೋತಿದ್ದರು. ಹಿತ್ತಲಲ್ಲಿ ಯಾವ ಹೂ ಅರಳಿತೋ ಆ ಹೂವಿನ ಚಿತ್ರ ಹೊರಗೆ; ಹೂ ಉದುರಿತೋ, ಚಿತ್ರ ಮರಳಿ ಕತ್ತಲೆಗೆ. ಕತ್ತಲೆಗೆ ಕಾವಲು ಕೂತಿದ್ದಾರೆ ಎಂದು ನೆಂಟರು ನಗುತ್ತಿದ್ದರು. ನಗಲಿ ಬಿಡಿ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ಈ ವರ್ಷ ಆ ಪದ್ಧತಿ ತಪ್ಪಿತು. ಹೆಂಡತಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಹಿತ್ತಲಿಗೆ ಹೋಗುವ ಹಾಗಿಲ್ಲ. ಯಜಮಾನರು ನೀಲಿ ಬಳ್ಳಿಹೂವಿನ ಮರದಚ್ಚಿನ ಚಿತ್ರವನ್ನು ಮಂಚದೆದುರು ತೂಗುಹಾಕಿದರು. ಇಬ್ಬರೂ ಸೇರಿ ಕೊಂಡ ಮೊದಲ ಚಿತ್ರ ಅದು. ಹಿತ್ತಲ ಬಳ್ಳಿ ಒಣಗಿದರೂ ಚಿತ್ರ ಇಳಿಯಲಿಲ್ಲ. ಅವಳು ನೋಡುತ್ತಿರುವಾಗ ತೆಗೆಯಲು ಅವರಿಗೆ ಕೈ ಬರಲಿಲ್ಲ. ದಿನವಿಡೀ ಪೆಟ್ಟಿಗೆ ಕೋಣೆಯಲ್ಲಿರುತ್ತಿದ್ದವರು ಸಂಜೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದನ್ನೂ ಕಲಿತರು.

ಇಂದು ಬೆಳಿಗ್ಗೆ ವಸ್ತುಸಂಗ್ರಹಾಲಯದಾಕೆ ಬಂದರು. ಪ್ರದರ್ಶನಕ್ಕೆ ಇದೇ ಚಿತ್ರ ಕೊಡುತ್ತೇನೆಂದು ಹೆಂಡತಿ ಎಂದೋ ಮಾತು ಕೊಟ್ಟಿದ್ದಳು. ಹಜಾರದ ಮೇಜಿನ ಮೇಲೆ ಚೌಕಟ್ಟು ಬಿಚ್ಚಿದರೆ, ಅಂಚಿನಡಿ ಅಡಗಿದ್ದ ಒಂದು ಎಸಳು ಮಾತ್ರ ಗಾಢ ನೀಲಿ. ಉಳಿದ ಹೂಗಳೆಲ್ಲ ಒಗೆದೊಗೆದು ಬಿಳಿಚಿದ ಬಟ್ಟೆಯ ಹಾಗಿದ್ದವು. ಸಂಜೆಯ ಮಬ್ಬಿನಲ್ಲಿ ಯಜಮಾನರಿಗೆ ಇದು ಕಂಡೇ ಇರಲಿಲ್ಲ.

"ಹೂವಿನ ರಸದ ಬಣ್ಣ, ಬೆಳಕು ತಡೆಯಲ್ಲ. ನಿಮಗೆ ಗೊತ್ತಿಲ್ದೇ ಇರೋದೇನಲ್ಲ," ಎಂದು ಮೆತ್ತಗೆ ಹೇಳಿ ಆಕೆ ಬರಿಗೈಲಿ ಹೋದರು.

ಬೇಲಿಯೇ ಎದ್ದು ಹೊಲ ಮೇಯ್ದ ಕತೆ ತನ್ನದು ಎನಿಸಿತು ಯಜಮಾನರಿಗೆ. ಹೆಂಡತಿಗೆ ಯಾವ ಮುಖ ಹೊತ್ತು ಹೇಳುವುದು? ಚಿತ್ರ ಹಿಡಿದು ಬಾಗಿಲಲ್ಲೇ ನಿಂತರು.

"ಏನಂದ್ರು?"

"ನೀಲಿ ಹೋಯ್ತು ಕಣೇ. ತಪ್ಪು ನಂದು."

"ಗೊತ್ತು. ದಿನವಿಡೀ ಅದನ್ನೇ ನೋಡ್ತಾ ಬಿದ್ದಿರೋಳು ನಾನು. ಮಾಸೋಕೆ ಶುರುವಾದಾಗ್ಲೇ ಗೊತ್ತಾಯ್ತು."

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಬಾಯಿಗೇನಾಗಿತ್ತು ನಿಂಗೆ? ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಚಿತ್ರ ಪೆಟ್ಟಿಗೆ ಸೇರ್ತಿತ್ತು. ಅದರ ಹಿಂದೇನೇ ನೀವೂ ಆ ಕೋಣೆ ಸೇರ್ತಿದ್ರಿ," ಎಂದಳು ಅವಳು, ಖಾಲಿ ಕುರ್ಚಿ ನೋಡುತ್ತ.

ಯಜಮಾನರು ಒಳಗೆ ಬಂದರು. ಚಿತ್ರವನ್ನು ಅದೇ ಮೊಳೆಗೆ ತೂಗುಹಾಕಿದರು. ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಸಂಜೆಗೆ ಕಾಯದೆ ಬೆಳಿಗ್ಗೆಯೇ ಕುರ್ಚಿ ಎಳೆದುಕೊಂಡು ಕೂತರು.